ಕೊನೆಗೆ ಹಾಕುವ ಬೇಸ್: ಪೆಪ್ಟೈಡ್ ಸಿಂಥೆಸಿಸ್‌ನಲ್ಲಿ ಡಿಐಪಿಇಎ ಮಾಡುವ ಕೆಲಸ

ಪೆಪ್ಟೈಡ್ ತಯಾರಿಸುವ ಯಾವ ಪ್ರೊಸೀಜರ್ ತೆಗೆದು ನೋಡಿದರೂ ಬೇಸ್‌ನ, ಅಂದರೆ ಪ್ರತ್ಯಾಮ್ಲದ, ಹೆಸರು ಸಾಲಿನ ತುದಿಯಲ್ಲೇ ಇರುತ್ತದೆ. ಅಮೈನೊ ಆಮ್ಲ ಇಷ್ಟು, ಜೋಡಣೆಗೆ ನೆರವಾಗುವ ಪುಡಿ ಹಾಟು ಇಷ್ಟು, ಕರಗಿಸುವ ದ್ರಾವಕ ಡಿಎಂಎಫ್ ಇಷ್ಟು, ಆಮೇಲೆ ‘ಡಿಐಪಿಇಎ ಸೇರಿಸಿ’. ಈ ಡಿಐಪಿಇಎಯೇ ಬೇಸ್. ದುಬಾರಿ ಪುಡಿಗಳನ್ನೆಲ್ಲ ನಾಲ್ಕನೇ ದಶಮಾಂಶದವರೆಗೆ ತೂಗಿದ ಕೈ, ಬೇಸ್‌ನ ಸರದಿ ಬಂದಾಗ ಸಿರಿಂಜಿಗೆ ಒಂದಿಷ್ಟು ಎಳೆದುಕೊಂಡು ಹಾಕಿಬಿಡುತ್ತದೆ. ಬೊಮ್ಮಸಂದ್ರ, ಜಿಗಣಿ ಕಡೆಯ ಕಂಪನಿಗಳಿಗೆ ಎಂ.ಎಸ್ಸಿ. ಮುಗಿಸಿ ಸೇರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಚುರುಕಾದವರು. ‘ಬೇಸ್ ಯಾಕೆ ಹಾಕುತ್ತೀರಿ’ ಎಂದು ಕೇಳಿದರೆ ‘ಆ್ಯಸಿಡ್ ನ್ಯೂಟ್ರಲೈಸ್ ಮಾಡೋಕೆ’ ಎನ್ನುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅರ್ಧವೂ ಅಲ್ಲ. ಬಂಧ ಕೂಡುತ್ತದೆಯೇ, ಕೂಡಿದ ಅಮೈನೊ ಆಮ್ಲ ತನ್ನ ರೂಪ ಉಳಿಸಿಕೊಳ್ಳುತ್ತದೆಯೇ, ಮುಚ್ಚಿಟ್ಟ ತುದಿ ಮುಚ್ಚಿಯೇ ಇರುತ್ತದೆಯೇ ಎಂಬ ಮೂರನ್ನೂ ತೀರ್ಮಾನಿಸುವುದರಲ್ಲಿ ಬೇಸ್‌ನ ಪಾಲು ದೊಡ್ಡದು. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಬರಹ.

ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಸರಪಳಿ. ಹೆರಿಗೆ ವಾರ್ಡಿನಲ್ಲಿ ಕೊಡುವ ಆಕ್ಸಿಟೋಸಿನ್‌ನಲ್ಲಿ ಇಂಥ 9 ಕೊಂಡಿಗಳಿವೆ. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೊ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದರು, 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಪ್ರತಿ ಕೊಂಡಿಯ ಒಂದು ತುದಿಯಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ, ಇನ್ನೊಂದು ತುದಿಯಲ್ಲಿ ಅಮೀನ್. ಒಂದರ ಆಮ್ಲವೂ ಮತ್ತೊಂದರ ಅಮೀನ್ ಕೂಡಿ ನೀರು ಹೊರಬಿದ್ದರೆ ಪೆಪ್ಟೈಡ್ ಬಂಧ. ಕಾಗದದ ಮೇಲೆ ಇಷ್ಟೇ.

ಫ್ಲಾಸ್ಕಿನಲ್ಲಿ ಹಾಗಾಗುವುದಿಲ್ಲ. ಎರಡನ್ನೂ ಸುಮ್ಮನೆ ಬೆರೆಸಿದರೆ ಆಮ್ಲ ತನ್ನ ಪ್ರೋಟಾನನ್ನು ಅಮೀನ್‌ಗೆ ದಾಟಿಸುತ್ತದೆ, ಎರಡೂ ಉಪ್ಪಾಗಿ ಕೂತುಬಿಡುತ್ತವೆ. ಬಂಧ ಕಟ್ಟಲು ಬೇಕಾದದ್ದು ಅಮೀನ್‌ನ ನೈಟ್ರೋಜನ್ ಮೇಲಿರುವ ಒಂಟಿ ಎಲೆಕ್ಟ್ರಾನ್ ಜೋಡಿ. ಪ್ರೋಟಾನ್ ಬಂದು ಅದನ್ನೇ ಹಿಡಿದುಕೊಂಡ ಮೇಲೆ ಆ ಅಮೀನ್‌ಗೆ ಯಾರ ಮೇಲೂ ಎರಗುವ ಶಕ್ತಿ ಇರುವುದಿಲ್ಲ. ಆದ್ದರಿಂದ ರಸಾಯನಜ್ಞರು ಎರಡು ಕೆಲಸ ಮಾಡಬೇಕು. ಆಮ್ಲದ ತುದಿಯನ್ನು ಚುರುಕುಗೊಳಿಸಬೇಕು, ಅಮೀನ್ ತುದಿಯನ್ನು ಬಿಡುಗಡೆಯ ಸ್ಥಿತಿಯಲ್ಲಿ ಇಡಬೇಕು. ಮೊದಲನೆಯದಕ್ಕೆ ಹಾಟು, ಎಚ್‌ಬಿಟಿಯು ಥರದ ಕಪ್ಲಿಂಗ್ (ಜೋಡಣೆಯ) ರಿಯೇಜೆಂಟ್‌ಗಳಿವೆ. ಎರಡನೆಯದಕ್ಕೆ ಬೇಸ್.

ಆದರೆ ಮೊದಲನೆಯ ಕೆಲಸವೂ ಬೇಸ್ ಇಲ್ಲದೆ ನಡೆಯದು, ಹೆಚ್ಚಿನವರು ಮರೆಯುವುದು ಇದನ್ನೇ. ಹಾಟು ಜೊತೆ ಪ್ರತಿಕ್ರಿಯಿಸುವುದು ಕಾರ್ಬಾಕ್ಸಿಲಿಕ್ ಆಮ್ಲವಲ್ಲ, ಪ್ರೋಟಾನ್ ಕಳೆದುಕೊಂಡ ಕಾರ್ಬಾಕ್ಸಿಲೇಟ್. ಅದು ಹಾಟುವಿನ ಕಾರ್ಬನ್ ಮೇಲೆ ಎರಗಿ, ಅಲ್ಲಿಂದ ಚುರುಕಾದ ಎಸ್ಟರ್ ಆಗಿ ಬದಲಾಗುತ್ತದೆ. ಹೊಸ ಅಮೀನ್ ಬಂದು ಹೊಡೆಯುವುದು ಆ ಎಸ್ಟರಿಗೆ. ಅಮೈನೊ ಆಮ್ಲ, ಹಾಟು, ಡಿಎಂಎಫ್ ಮೂರನ್ನೂ ಬೆರೆಸಿಟ್ಟರೆ ದ್ರಾವಣ ಬಹುಮಟ್ಟಿಗೆ ತಿಳಿಯಾಗಿ, ಸುಮ್ಮನೆ ಇರುತ್ತದೆ. ಡಿಐಪಿಇಎ ಬಿದ್ದ ಕೂಡಲೇ ಹಳದಿ ಬಣ್ಣ ಏರುತ್ತದೆ. ಕೆಲಸ ಶುರುವಾಯಿತು ಎಂಬುದಕ್ಕೆ ಕಣ್ಣಿಗೆ ಸಿಗುವ ಗುರುತು ಅದು. ಗಡಿಯಾರ ನೋಡಬೇಕಾದದ್ದೂ ಆ ಕ್ಷಣದಿಂದ.

ಎಷ್ಟು ಹಾಕಬೇಕು ಎಂಬುದಕ್ಕೆ ಲೆಕ್ಕವಿದೆ. ಮೋಲ್ ಲೆಕ್ಕದಲ್ಲಿ ಪ್ರತಿ ಅಮೈನೊ ಆಮ್ಲಕ್ಕೆ ಎರಡು ಪಾಲು ಬೇಸ್ ಎಂಬುದು ರೂಢಿ. ಒಂದು ಪಾಲು ಆಮ್ಲವನ್ನು ಕಾರ್ಬಾಕ್ಸಿಲೇಟ್ ಮಾಡಲು ಹೋಗುತ್ತದೆ. ಬಂಧ ಕೂಡಿದಾಗ ಅಮೀನ್ ಕೂಡ ಒಂದು ಪ್ರೋಟಾನ್ ಬಿಡುತ್ತದೆ, ಅದನ್ನು ಎತ್ತಿಕೊಳ್ಳಲು ಇನ್ನೊಂದು ಪಾಲು. ಇಲ್ಲದಿದ್ದರೆ ಆ ಪ್ರೋಟಾನ್ ಹೋಗಿ ಇನ್ನೂ ಕೆಲಸ ಮಾಡದ ಬೇರೆ ಅಮೀನ್ ಮೇಲೆ ಕೂರುತ್ತದೆ. 0.1 ಮಿಲಿಮೋಲ್ ಪ್ರಮಾಣದಲ್ಲಿ ಸಿಂಥೆಸಿಸ್ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅಮೈನೊ ಆಮ್ಲ ಅದರ 4 ಪಾಲು ಎಂದರೆ 0.4 ಮಿಲಿಮೋಲ್, ಡಿಐಪಿಇಎ 8 ಪಾಲು ಎಂದರೆ 0.8 ಮಿಲಿಮೋಲ್. ಡಿಐಪಿಇಎಯ ಅಣುತೂಕ 129.24, ಹಾಗಾಗಿ 0.8 ಮಿಲಿಮೋಲ್‌ಗೆ 103 ಮಿಲಿಗ್ರಾಂ. ಸಾಂದ್ರತೆ ಒಂದು ಎಂಎಲ್‌ಗೆ 0.742 ಗ್ರಾಂ ಮಾತ್ರ, ನೀರಿಗಿಂತ ಹಗುರ. ಭಾಗಿಸಿದರೆ 139 ಮೈಕ್ರೋಲೀಟರ್. ಸಾಂದ್ರತೆ ಮರೆತು 103 ಮೈಕ್ರೋಲೀಟರ್ ಎಳೆದುಕೊಂಡರೆ ಕಾಲು ಭಾಗ ಬೇಸ್ ಕಡಿಮೆ ಬಿತ್ತು. ಕಪ್ಲಿಂಗ್ ಮುಗಿಯದೆ ನಿಂತಾಗ ಜನ ರೆಸಿನ್ (ಪೆಪ್ಟೈಡ್ ಕಟ್ಟಲು ಆಧಾರವಾಗುವ ಮಣಿಗಳು) ಬಯ್ಯುತ್ತಾರೆ, ಹಾಟು ಹಳತಾಯಿತು ಎನ್ನುತ್ತಾರೆ. ಮೊದಲು ನೋಡಬೇಕಾದದ್ದು ಈ ಭಾಗಾಕಾರವನ್ನು.

ದಟ್ಟಣೆಯೇ ಗುಣ

ಡಿಐಪಿಇಎಯ ಪೂರ್ತಿ ಹೆಸರು ಎನ್,ಎನ್-ಡೈಐಸೊಪ್ರೊಪೈಲ್‌ಎಥಿಲಮೀನ್. 1958ರಲ್ಲಿ ಇದನ್ನು ಬೇಸ್ ಆಗಿ ಬಳಕೆಗೆ ತಂದವರು ಜರ್ಮನಿಯ ಸೀಗ್‌ಫ್ರೀಡ್ ಹ್ಯೂನಿಗ್, ಅದಕ್ಕೇ ಲ್ಯಾಬಿನಲ್ಲಿ ಇದಕ್ಕೆ ಹ್ಯೂನಿಗ್ ಬೇಸ್ ಎಂದೂ ಹೆಸರು. ನಡುವೆ ಒಂದು ನೈಟ್ರೋಜನ್, ಸುತ್ತ ಎರಡು ಕವಲೊಡೆದ ಐಸೊಪ್ರೊಪೈಲ್ ಗುಂಪುಗಳು, ಒಂದು ಎಥಿಲ್ ಗುಂಪು. ಆಫೀಸ್ ಹೊತ್ತಿನಲ್ಲಿ ಮೆಜೆಸ್ಟಿಕ್‌ನಿಂದ ಹೊರಡುವ ಬಿಎಂಟಿಸಿ ಬಸ್ಸಿನ ಬಾಗಿಲಲ್ಲಿ ಜನ ಜೋತುಬಿದ್ದಿರುವಾಗ ಸಣ್ಣ ಹುಡುಗ ಹೇಗೋ ನುಸುಳಿ ಒಳಗೆ ಹೋಗುತ್ತಾನೆ, ಮೂಟೆ ಹೊತ್ತವನಿಗೆ ಕಾಲಿಡಲೂ ಜಾಗವಿಲ್ಲ. ಈ ನೈಟ್ರೋಜನ್ ಹತ್ತಿರ ಪ್ರೋಟಾನ್ ಸಲೀಸಾಗಿ ಬರುತ್ತದೆ, ಕಾರ್ಬನ್ ಬರಲಾರದು. ಪ್ರೋಟಾನ್ ಎತ್ತಿಕೊಳ್ಳುವುದರಲ್ಲಿ ಡಿಐಪಿಇಎ ಬಲಶಾಲಿ. ಅದರ ಜೋಡಿ ಆಮ್ಲದ ಪಿಕೆಎ 11ರ ಆಸುಪಾಸು; ಈ ಸಂಖ್ಯೆ ಹೆಚ್ಚಿದಷ್ಟೂ ಬೇಸ್ ಬಲವಾದದ್ದು. ಚುರುಕಾದ ಎಸ್ಟರ್‌ನ ಕಾರ್ಬನ್ ಮೇಲೆ ತಾನೇ ಎರಗುವುದರಲ್ಲಿ ಮಾತ್ರ ತೀರ ದುರ್ಬಲ. ಪೆಪ್ಟೈಡ್ ಕಟ್ಟುವವರಿಗೆ ಬೇಕಾದದ್ದು ಕರಾರುವಾಕ್ಕಾಗಿ ಇಂಥದ್ದೇ. ಫ್ಲಾಸ್ಕಿನಲ್ಲಿ ಎಸ್ಟರಿಗಾಗಿ ಕಾದಿರುವ ಅಮೀನ್ ಒಂದೇ ಇರಬೇಕು, ಬೇಸ್ ಆ ಸಾಲಿನಲ್ಲಿ ನಿಲ್ಲಬಾರದು.

ಹಾಗಾದರೆ ಕಾಸ್ಟಿಕ್ ಸೋಡಾ ಯಾಕೆ ಬೇಡ? ಡಿಎಂಎಫ್‌ನಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ಕರಗಿದಷ್ಟೂ ಹೈಡ್ರಾಕ್ಸೈಡ್ ನೇರ ಹೋಗಿ ಎಸ್ಟರನ್ನು ಒಡೆದು ಆಮ್ಲವನ್ನು ಮತ್ತೆ ಮೊದಲಿನ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಪಿರಿಡೀನ್? ಪಿಕೆಎ 5.2, ಅಮೀನ್ ಉಪ್ಪಿನಿಂದ ಪ್ರೋಟಾನ್ ಬಿಡಿಸಲು ಸಾಲದು. ಟ್ರೈಎಥಿಲಮೀನ್ ಅಗ್ಗ, ಕೆಲಸವೂ ಮಾಡುತ್ತದೆ, ಆದರೆ ಅದರ ನೈಟ್ರೋಜನ್ ಸುತ್ತ ಅಷ್ಟು ದಟ್ಟಣೆ ಇಲ್ಲ. ರೂಪ ಕೆಡುವ ಭಯವಿರುವ ಜೋಡಣೆಗೆ ನಾನು ಅದನ್ನು ಕೊಡುವುದಿಲ್ಲ.

ಈ ದಟ್ಟಣೆ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ನನಗೆ ಅತಿ ಪ್ರಿಯವಾದ ಉದಾಹರಣೆ ಎಫ್‌ಮಾಕ್ ಗುಂಪಿನದು. ಹಿನ್ನೆಲೆ ಇಷ್ಟು. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಪೆಪ್ಟೈಡಿನ ಒಂದು ತುದಿಯನ್ನು ಪಾಲಿಸ್ಟೈರೀನ್ ಮಣಿಗಳಿಗೆ ಕಟ್ಟಿ, ಒಂದೊಂದೇ ಕೊಂಡಿ ಸೇರಿಸುತ್ತ, ಪ್ರತಿ ಸಲವೂ ಉಳಿದದ್ದನ್ನು ತೊಳೆದು ಹಾಕುವ ದಾರಿ ತೋರಿಸಿದರು. 1984ರ ನೊಬೆಲ್ ಅವರಿಗೆ ಬಂದದ್ದು ಇದಕ್ಕೇ. ಒಂದೊಂದೇ ಕೊಂಡಿ ಸೇರಬೇಕಾದರೆ ಬರುವ ಅಮೈನೊ ಆಮ್ಲದ ಅಮೀನ್ ತುದಿ ಮುಚ್ಚಿರಬೇಕು, ಇಲ್ಲದಿದ್ದರೆ ಅವು ತಮ್ಮತಮ್ಮಲ್ಲೇ ಕೂಡಿಕೊಳ್ಳುತ್ತವೆ. ಹಾಗೆ ಮುಚ್ಚಲು 1970ರಲ್ಲಿ ಲೂಯಿಸ್ ಕಾರ್ಪಿನೊ ತಂದ ಮುಚ್ಚಳ ಎಫ್‌ಮಾಕ್. ಆಮ್ಲಕ್ಕೆ ಅದು ಜಗ್ಗುವುದಿಲ್ಲ, ಬೇಸ್ ತಾಗಿದರೆ ಬಿಚ್ಚಿಕೊಳ್ಳುತ್ತದೆ.

ಇಲ್ಲೇ ಓದುವವರು ತಡೆದು ಕೇಳಬೇಕು. ಕಪ್ಲಿಂಗ್‌ಗೂ ಬೇಸ್, ಮುಚ್ಚಳ ತೆಗೆಯಲೂ ಬೇಸ್ ಎಂದಾದರೆ ಕಪ್ಲಿಂಗ್ ನಡೆಯುತ್ತಿರುವಾಗಲೇ ಮುಚ್ಚಳ ಕಳಚುವುದಿಲ್ಲವೇ? ಮುಚ್ಚಳ ತೆಗೆಯಲು ಬಳಸುವುದು ಪಿಪೆರಿಡೀನ್, ಸಾಮಾನ್ಯವಾಗಿ ಡಿಎಂಎಫ್‌ನಲ್ಲಿ 20%. ಅದರ ಪಿಕೆಎ ಕೂಡ 11ರ ಹತ್ತಿರವೇ. ಸಂಖ್ಯೆ ನೋಡಿದರೆ ಎರಡೂ ಬೇಸ್‌ಗಳು ಅಣ್ಣತಮ್ಮಂದಿರು. ಆದರೆ ಎಫ್‌ಮಾಕ್ ಹಾಕಿದ ವ್ಯಾಲೀನ್‌ನಿಂದ ಅರ್ಧದಷ್ಟು ಮುಚ್ಚಳ ಕಳಚಲು 20% ಪಿಪೆರಿಡೀನ್‌ಗೆ ಹಿಡಿಯುವುದು 6 ಸೆಕೆಂಡ್. 50% ಡಿಐಪಿಇಎಗೆ ಹಿಡಿಯುವುದು ಸುಮಾರು 10 ಗಂಟೆ. ಕಪ್ಲಿಂಗ್‌ನಲ್ಲಿ ಡಿಐಪಿಇಎ ಇರುವುದು 50% ಅಲ್ಲ, ಕೆಲವೇ ಶೇಕಡಾ, ಅದೂ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಮುಚ್ಚಳ ಅಲುಗುವುದಿಲ್ಲ. ಎಫ್‌ಮಾಕ್ ಪದ್ಧತಿ ನಿಂತಿರುವುದೇ ಈ 6 ಸೆಕೆಂಡ್ ಮತ್ತು 10 ಗಂಟೆಯ ಅಂತರದ ಮೇಲೆ.

ಪಿಪೆರಿಡೀನ್‌ಗೆ ಈ ವೇಗ ಎಲ್ಲಿಂದ ಬಂತು? ಅದರ ನೈಟ್ರೋಜನ್ ಉಂಗುರದೊಳಗೆ ಕಟ್ಟಿಕೊಂಡಿದೆ, ಎರಡು ಕೈಗಳೂ ಹಿಂದಕ್ಕೆ ಮಡಚಿವೆ, ಮುಂದೆ ದಾರಿ ಸಲೀಸು. ಎಫ್‌ಮಾಕ್‌ನ ಪ್ರೋಟಾನ್ ಎಳೆದ ಮೇಲೆ ಡೈಬೆಂಜೊಫಲ್ವೀನ್ ಎಂಬ ಚುರುಕಾದ ತುಣುಕು ಹುಟ್ಟುತ್ತದೆ. ಅದು ಸುಮ್ಮನೆ ಬಿದ್ದಿರದೆ ಈಗ ತಾನೇ ಬಿಡುಗಡೆಯಾದ ಅಮೀನ್‌ಗೇ ಅಂಟಿಕೊಳ್ಳಬಲ್ಲದು. ಪಿಪೆರಿಡೀನ್ ತಾನೇ ಅದನ್ನು ಹಿಡಿದು ಹೊರಗೆ ಒಯ್ಯುತ್ತದೆ. ಈ ಜೋಡಿ 301 ನ್ಯಾನೊಮೀಟರ್ ಬೆಳಕನ್ನು ಹೀರುವುದರಿಂದ ತೊಳೆದ ದ್ರಾವಣವನ್ನು ಯುವಿ ಯಂತ್ರದಲ್ಲಿಟ್ಟು ಎಷ್ಟು ಮುಚ್ಚಳ ಕಳಚಿತು ಎಂದು ಅಳೆಯಬಹುದು. ಒಂದು ಎಚ್ಚರಿಕೆ: ಪಿಪೆರಿಡೀನನ್ನು ಪೂರ್ತಿ ತೊಳೆಯದೆ ಮುಂದಿನ ಅಮೈನೊ ಆಮ್ಲ ಹಾಕಿದರೆ ಉಳಿದ ಚೂರು ಬಂದವನ ಮುಚ್ಚಳವನ್ನೂ ತೆಗೆಯುತ್ತದೆ. ಒಂದೇ ಕೊಂಡಿ ಎರಡು ಸಲ ಸೇರಿಹೋಗುತ್ತದೆ. ಡಿಎಂಎಫ್ ಹಳತಾಗಿ ಮೀನಿನ ವಾಸನೆ ಬರುತ್ತಿದ್ದರೆ ಅದರಲ್ಲಿ ಡೈಮೀಥೈಲಮೀನ್ ಹುಟ್ಟಿದೆ ಎಂದರ್ಥ, ಅದೂ ಇದೇ ಕೆಲಸ ಮಾಡುತ್ತದೆ. ಅಂಥ ಬಾಟಲಿಯನ್ನು ತೊಳೆಯಲೂ ಬಳಸಬೇಡಿ.

ಕಟ್ಟುವ ಬೇಸ್ ಕೆಡಿಸುವುದು ಹೇಗೆ

ಈಗ ಕಷ್ಟದ ಭಾಗ. ಗ್ಲೈಸೀನ್ ಒಂದನ್ನು ಬಿಟ್ಟರೆ ಪ್ರೋಟೀನ್‌ಗಳ ಎಲ್ಲ ಅಮೈನೊ ಆಮ್ಲಗಳಿಗೂ ಎರಡು ರೂಪಗಳುಂಟು, ಒಂದಕ್ಕೊಂದು ಕನ್ನಡಿಯ ಬಿಂಬದಂತೆ. ನಮ್ಮ ದೇಹ ಪ್ರೋಟೀನ್ ಕಟ್ಟುವುದು ಎಲ್ ರೂಪದಿಂದ. ಬಾಟಲಿಯಿಂದ ತೆಗೆದು ಹಾಕುವುದೂ ಎಲ್ ರೂಪವನ್ನೇ. ಆಮ್ಲದ ತುದಿ ಚುರುಕಾದಾಗ ಅದರ ಪಕ್ಕದ ಕಾರ್ಬನ್ (ಆಲ್ಫಾ ಕಾರ್ಬನ್) ಮೇಲಿರುವ ಹೈಡ್ರೋಜನ್ ಕೂಡ ಸಡಿಲವಾಗುತ್ತದೆ. ಬಲವಾದ ಬೇಸ್ ಅದನ್ನು ಎಳೆದುಕೊಳ್ಳಬಲ್ಲದು. ಹೈಡ್ರೋಜನ್ ಹೋಗಿ ಮರಳಿ ಬರುವಷ್ಟರಲ್ಲಿ ಯಾವ ಕಡೆಯಿಂದ ಬೇಕಾದರೂ ಬರಬಹುದು. ಎಲ್ ಆಗಿದ್ದದ್ದು ಡಿ ಆಗುತ್ತದೆ. ಇದೇ ರೇಸಿಮೈಸೇಷನ್.

ಇದಕ್ಕೆ ಇನ್ನೊಂದು ಹೆಬ್ಬಾಗಿಲೂ ಇದೆ. ಚುರುಕಾದ ತುದಿಗೆ ಹಿಂದಿನ ಅಮೈಡ್‌ನ ಆಕ್ಸಿಜನ್ ಬಂದು ತಾಗಿ ಐದರ ಉಂಗುರವಾಗುತ್ತದೆ, ಹೆಸರು ಆಕ್ಸಾಜೊಲೋನ್. ಈ ಉಂಗುರದಲ್ಲಿ ಆ ಹೈಡ್ರೋಜನ್ ಮತ್ತೂ ಸಡಿಲ, ಬೇಸ್ ಮುಟ್ಟಿದರೆ ಸಾಕು. ಸಮಾಧಾನದ ಸಂಗತಿ ಏನೆಂದರೆ ಎಫ್‌ಮಾಕ್, ಅಥವಾ ಆಮ್ಲಕ್ಕೆ ಕಳಚುವ ಬಾಕ್, ಇಂಥ ಮುಚ್ಚಳಗಳಿದ್ದಾಗ ಈ ಉಂಗುರ ಕಟ್ಟುವುದು ಕಷ್ಟ, ಕಟ್ಟಿದರೂ ರೂಪ ಕೆಡುವುದು ಅಪರೂಪ. ಸರಪಳಿಯನ್ನು ಆಮ್ಲದ ತುದಿಯಿಂದ ಶುರುಮಾಡಿ ಅಮೀನ್ ತುದಿಯ ಕಡೆಗೆ, ಒಂದೊಂದೇ ಮುಚ್ಚಿದ ಕೊಂಡಿ ಸೇರಿಸುತ್ತ ಹೋಗುವ ಪದ್ಧತಿ ಬಂದದ್ದೇ ಈ ಕಾರಣಕ್ಕೆ. ತಿರುವುಮುರುವಾಗಿ ಕಟ್ಟಿದರೆ, ಅಥವಾ ಎರಡು ಉದ್ದದ ತುಂಡುಗಳನ್ನು ನಡುವೆ ಬೆಸೆಯಲು ಹೋದರೆ ಚುರುಕಾಗುವ ಕೊಂಡಿಯ ಹಿಂದೆ ಇರುವುದು ಮುಚ್ಚಳವಲ್ಲ, ಅಮೈಡ್. ಆಗ ಬೇಸ್‌ನ ಆಯ್ಕೆಯೇ ಫಲಿತಾಂಶ.

ಒಂದು ಕೊಂಡಿ ತಿರುಗಿದರೆ ಏನಾಯಿತು ಎಂದು ಕೇಳಬಹುದು. ತಿರುಗಿದ ಪೆಪ್ಟೈಡಿನ ತೂಕ ಅಷ್ಟೇ ಇರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ತೂಕ ನೋಡಿ ‘ಸರಿಯಿದೆ’ ಎನ್ನುತ್ತದೆ. ಮಿಶ್ರಣವನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯಲ್ಲಿ ಅದು ಪಕ್ಕದಲ್ಲಿ ಸಣ್ಣ ದಿಣ್ಣೆಯಾಗಿ ಕಂಡರೆ ಅದೃಷ್ಟ, ಮುಖ್ಯ ಶಿಖರದ ಕೆಳಗೇ ಅಡಗಿದರೆ ಗೊತ್ತೇ ಆಗುವುದಿಲ್ಲ. ಜೀವಕೋಶದ ಗ್ರಾಹಕಕ್ಕೆ ಮಾತ್ರ ಗೊತ್ತಾಗುತ್ತದೆ, ಅನೇಕ ಸಲ ಅದು ಹಿಡಿದುಕೊಳ್ಳುವುದಿಲ್ಲ. 30 ಕೊಂಡಿಗಳ ಪೆಪ್ಟೈಡ್ ತೆಗೆದುಕೊಳ್ಳಿ, ಪ್ರತಿ ಜೋಡಣೆಯಲ್ಲೂ ನೂರಕ್ಕೆ ಒಂದು ಮಾತ್ರ ಕೆಡುತ್ತದೆ ಎಂದು ಭಾವಿಸಿ. 29 ಜೋಡಣೆ ಮುಗಿಯುವಷ್ಟರಲ್ಲಿ ಪೂರ್ತಿ ಸರಿಯಾಗಿರುವ ಅಣುಗಳು ನೂರಕ್ಕೆ 75 ಮಾತ್ರ. ಔಷಧಿ ಮಾಡುವವರು ಇಂಥ ಕಲಬೆರಕೆಯನ್ನು ಎಷ್ಟು ಶ್ರಮಪಟ್ಟು ಬೇರ್ಪಡಿಸಬೇಕೆಂದು ಶುದ್ಧೀಕರಣದ ವಿಭಾಗದಲ್ಲಿ ಒಂದು ವಾರ ಕೂತು ನೋಡಿದರೆ ತಿಳಿಯುತ್ತದೆ.

ಎಲ್ಲ ಅಮೈನೊ ಆಮ್ಲಗಳೂ ಒಂದೇ ಸಮನೆ ಕೆಡುವುದಿಲ್ಲ. ಸಿಸ್ಟೀನ್ ಮತ್ತು ಹಿಸ್ಟಿಡೀನ್ ಅತಿ ಸೂಕ್ಷ್ಮ. ಹಿಸ್ಟಿಡೀನ್‌ನ ಉಂಗುರದಲ್ಲಿ ತನ್ನದೇ ನೈಟ್ರೋಜನ್ ಇದೆ, ಅದೇ ಒಳಗಿನಿಂದ ಬೇಸ್ ಥರ ವರ್ತಿಸಿ ತನ್ನ ಹೈಡ್ರೋಜನನ್ನು ತಾನೇ ಎಳೆಯುತ್ತದೆ. ಸಿಸ್ಟೀನನ್ನು ಹಾಟು, ಡಿಐಪಿಇಎ ಜೊತೆ ಐದು ನಿಮಿಷ ‘ಪ್ರೀ-ಆ್ಯಕ್ಟಿವೇಷನ್’ ಎಂದು ಹಾಗೇ ಬಿಟ್ಟು ಆಮೇಲೆ ರೆಸಿನ್‌ಗೆ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಅದು ಬೇಡವೇ ಬೇಡ. ಅಲ್ಲಿ ಎಸ್ಟರ್ ಇದೆ, ಬೇಸ್ ಇದೆ, ಹೊಡೆಯಬೇಕಾದ ಅಮೀನ್ ಮಾತ್ರ ಇಲ್ಲ. ಎಸ್ಟರಿಗೆ ಕಾಯುವುದೊಂದೇ ಕೆಲಸ, ಕಾದಷ್ಟೂ ಕೆಡುತ್ತದೆ.

ಇಂಥಲ್ಲಿ ಡಿಐಪಿಇಎ ಬಿಟ್ಟು 2,4,6-ಕೊಲಿಡೀನ್ ಅಥವಾ ಎನ್-ಮೀಥೈಲ್‌ಮಾರ್ಫೊಲೀನ್‌ಗೆ ಹೋಗುತ್ತಾರೆ. ಎರಡರ ಪಿಕೆಎಯೂ 7.4ರ ಆಸುಪಾಸು. ತರ್ಕ ಸರಳ. ಎಫ್‌ಮಾಕ್ ಅಮೈನೊ ಆಮ್ಲದ ಆಮ್ಲೀಯತೆ 3–4ರ ಮಟ್ಟದ್ದು. ಅದರ ಪ್ರೋಟಾನ್ ಎತ್ತಲು 7.4 ಧಾರಾಳ ಸಾಕು, 11 ಬೇಕಿಲ್ಲ. ಆಲ್ಫಾ ಕಾರ್ಬನ್‌ನ ಹೈಡ್ರೋಜನ್ ಎಳೆಯಲು ಮಾತ್ರ 7.4ರ ಬೇಸ್‌ಗೆ ಕಷ್ಟ. ಬೆಲೆಯೂ ತೆರಬೇಕು, ಅಮೀನ್ ಉಪ್ಪಾಗಿದ್ದರೆ ಈ ದುರ್ಬಲ ಬೇಸ್ ಅದನ್ನು ಪೂರ್ತಿ ಬಿಡಿಸುವುದಿಲ್ಲ, ಕಪ್ಲಿಂಗ್ ನಿಧಾನವಾಗುತ್ತದೆ. ಕೊಲಿಡೀನ್‌ನ ವಾಸನೆ ಬೇರೆ ದಿನವಿಡೀ ಹಿಂದೆ ಬರುತ್ತದೆ. ಆದರೂ ಸಿಸ್ಟೀನ್‌ನ ರೂಪ ಉಳಿಯುವುದು ಮುಖ್ಯ ಎನ್ನುವವರ ಪಕ್ಷದಲ್ಲಿ ನಾನಿದ್ದೇನೆ.

ಬೇಸ್ ಮಾಡುವ ಇನ್ನೊಂದು ಕೇಡು ಆಸ್ಪಾರ್ಟಿಕ್ ಆಮ್ಲದ್ದು, ಅದರಲ್ಲೂ ಅದರ ಮುಂದೆ ಗ್ಲೈಸೀನ್ ಇದ್ದರೆ. ಇಲ್ಲಿ ತಪ್ಪಿತಸ್ಥ ಡಿಐಪಿಇಎಗಿಂತ ಹೆಚ್ಚಾಗಿ ಪಿಪೆರಿಡೀನ್, ಡಿಬಿಯು ಎಂಬ ಮತ್ತೂ ಬಲವಾದ ಬೇಸ್ ಇದ್ದರಂತೂ ಇನ್ನೂ ಹೆಚ್ಚು. ಪಕ್ಕದ ಸರಪಳಿ ಮಡಚಿ ಬೆನ್ನೆಲುಬಿಗೇ ಉಂಗುರ ಕಟ್ಟಿಕೊಳ್ಳುತ್ತದೆ, ಆಸ್ಪಾರ್ಟಿಮೈಡ್ ಎಂದು ಹೆಸರು. ಇದು ತೂಕದಲ್ಲಿ ಕಾಣುತ್ತದೆ: ಎಲ್‌ಸಿಎಂಎಸ್‌ನಲ್ಲಿ 18 ಕಡಿಮೆ ಬಂದರೆ ಉಂಗುರ ಕಟ್ಟಿದೆ, 67 ಹೆಚ್ಚು ಬಂದರೆ ಉಂಗುರಕ್ಕೆ ಪಿಪೆರಿಡೀನ್ ಸೇರಿಕೊಂಡಿದೆ. ಮುಚ್ಚಳ ತೆಗೆಯುವ ದ್ರಾವಣಕ್ಕೆ ಸ್ವಲ್ಪ ಎಚ್‌ಒಬಿಟಿ ಅಥವಾ ಆಕ್ಸಿಮಾ ಎಂಬ ದುರ್ಬಲ ಆಮ್ಲ ಬೆರೆಸಿದರೆ ಇದು ತಗ್ಗುತ್ತದೆ.

ಐಐಎಸ್‌ಸಿಯ ಒಂದು ಪಾಠ

ರೇಸಿಮೈಸೇಷನ್ ಬಗ್ಗೆ ಮಾತಾಡುವಾಗ ನಮ್ಮ ಊರಿನ ಒಂದು ಕೆಲಸವನ್ನು ನೆನೆಯದಿರಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಲೆಕ್ಯುಲರ್ ಬಯೊಫಿಸಿಕ್ಸ್ ಯೂನಿಟ್ ಜಿ.ಎನ್. ರಾಮಚಂದ್ರನ್ ಕಟ್ಟಿದ ವಿಭಾಗ. ಅಲ್ಲಿ ಪಿ. ಬಲರಾಮ್, 2005ರಿಂದ 2014ರವರೆಗೆ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು, ದಶಕಗಳ ಕಾಲ ಐಬ್ ಎಂಬ ಅಮೈನೊ ಆಮ್ಲವಿರುವ ಪೆಪ್ಟೈಡ್‌ಗಳನ್ನು ಅಧ್ಯಯನ ಮಾಡಿದರು. ಆಲ್ಫಾ-ಅಮೈನೊಐಸೊಬ್ಯುಟಿರಿಕ್ ಆಮ್ಲ ಅದರ ಪೂರ್ತಿ ಹೆಸರು. ಅಲಮೆಥಿಸಿನ್ ಎಂಬ ಶಿಲೀಂಧ್ರದ ಪೆಪ್ಟೈಡಿನಲ್ಲಿ ಇದು ಸಹಜವಾಗಿಯೇ ಇದೆ. ಐಬ್‌ನ ಆಲ್ಫಾ ಕಾರ್ಬನ್ ಮೇಲೆ ಹೈಡ್ರೋಜನ್ ಇಲ್ಲ, ಎರಡು ಮೀಥೈಲ್ ಗುಂಪುಗಳಿವೆ. ಬೇಸ್ ಎಳೆಯುವುದಕ್ಕೆ ಅಲ್ಲಿ ಏನೂ ಇಲ್ಲ, ಎಲ್ ರೂಪ ಡಿ ರೂಪ ಎಂಬ ಭೇದವೂ ಇಲ್ಲ. ಹಾಗಾಗಿ ತುಂಡಿನ ಆಮ್ಲದ ತುದಿಯಲ್ಲಿ ಐಬ್ ಬರುವಂತೆ ಯೋಜಿಸಿದರೆ ಎರಡು ತುಂಡುಗಳನ್ನು ರೂಪ ಕೆಡುವ ಭಯವಿಲ್ಲದೆ ದ್ರಾವಣದಲ್ಲೇ ಬೆಸೆಯಬಹುದು. ಎಲ್ಲಿ ಕತ್ತರಿಸಿ ಎಲ್ಲಿ ಬೆಸೆಯಬೇಕು ಎಂಬ ಯೋಜನೆಯಲ್ಲೇ ಬೇಸ್‌ನ ಅಪಾಯವನ್ನು ಕಳೆಯಬಹುದೆಂಬುದು ಇದರಿಂದ ತಿಳಿಯುತ್ತದೆ. ಐಬ್‌ಗೆ ಬೇರೆ ತೊಂದರೆ ಇದೆ, ಎರಡು ಮೀಥೈಲ್‌ಗಳ ಇಕ್ಕಟ್ಟಿನಿಂದ ಅದು ಬೇಗ ಕೂಡುವುದಿಲ್ಲ. ಇಂದು ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್‌ನಲ್ಲೂ ಎರಡನೇ ಕೊಂಡಿ ಐಬ್. ದೇಹದ ಡಿಪಿಪಿ-4 ಕಿಣ್ವ ಅಲ್ಲಿ ಕತ್ತರಿಸದಿರಲಿ ಎಂದು ಅಲನೀನ್ ತೆಗೆದು ಅದನ್ನು ಇಟ್ಟಿದ್ದಾರೆ.

ಬೆಂಚಿನ ಮೇಲೆ

ದ್ರಾವಣದಲ್ಲಿ ಬಾಕ್ ಪದ್ಧತಿಯಿಂದ ಕಟ್ಟುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬಾಕ್ ತೆಗೆಯಲು ಟಿಎಫ್‌ಎ ಎಂಬ ಬಲವಾದ ಆಮ್ಲ ಹಾಕುತ್ತೀರಿ, ಆಮೇಲೆ ರೋಟಾದಲ್ಲಿ ಆವಿ ಮಾಡುತ್ತೀರಿ. ಫ್ಲಾಸ್ಕಿನ ತಳದಲ್ಲಿ ಎಣ್ಣೆಯಂತೆ ಉಳಿದದ್ದರಲ್ಲಿ ಟಿಎಫ್‌ಎ ಇನ್ನೂ ಇರುತ್ತದೆ. 0.1 ಎಂಎಲ್ ಉಳಿದಿದ್ದರೂ ಅದು 1.3 ಮಿಲಿಮೋಲ್. ನಿಮ್ಮ ಪ್ರತಿಕ್ರಿಯೆ 1 ಮಿಲಿಮೋಲ್ ಪ್ರಮಾಣದ್ದಾದರೆ ಲೆಕ್ಕ ಹಾಕಿ ಸೇರಿಸಿದ ಡಿಐಪಿಇಎಯಲ್ಲಿ ಒಂದಕ್ಕಿಂತ ಹೆಚ್ಚು ಪಾಲನ್ನು ಈ ಉಳಿಕೆಯೇ ನುಂಗಿತು. ಅಷ್ಟೇ ಆಗಿದ್ದರೆ ಬೇಸ್ ಹೆಚ್ಚು ಹಾಕಿ ಸರಿಮಾಡಬಹುದಿತ್ತು. ಹಾಟು ಈ ಟಿಎಫ್‌ಎಯನ್ನೂ ಚುರುಕುಗೊಳಿಸುತ್ತದೆ, ಅದು ಅಮೀನ್‌ಗೆ ಅಂಟಿ ತೂಕದಲ್ಲಿ 96 ಹೆಚ್ಚಿಸಿ ಆ ತುದಿಯನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಡೈಕ್ಲೋರೊಮೀಥೇನ್ ಅಥವಾ ಟಾಲೀನ್ ಹಾಕಿ ಮತ್ತೆ ಮತ್ತೆ ಆವಿ ಮಾಡಿ, ಸಾಧ್ಯವಿದ್ದರೆ ಈಥರ್‌ನಲ್ಲಿ ಗಟ್ಟಿಯಾಗಿಸಿ ಸೋಸಿಕೊಳ್ಳಿ. ಆಮೇಲೆ ಬೇಸ್ ಹಾಕಿ, ಒಂದು ಹನಿಯನ್ನು ತೇವ ಮಾಡಿದ ಪಿಎಚ್ ಕಾಗದಕ್ಕೆ ತಾಗಿಸಿ ನೋಡಿ. ಕಾಗದ ಕೊಡುವುದು ಅಂದಾಜು ಮಾತ್ರ, ಆದರೂ ಆಮ್ಲದ ಕಡೆ ಇದ್ದರೆ ಅಲ್ಲೇ ತಿಳಿಯುತ್ತದೆ.

ಹಾಟುವನ್ನು ಅಮೈನೊ ಆಮ್ಲಕ್ಕಿಂತ ಒಂದು ಕೂದಲಷ್ಟು ಕಡಿಮೆ ಹಾಕುವುದು ಕ್ಷೇಮ, 4ಕ್ಕೆ 3.9ರಂತೆ. ಹೆಚ್ಚಾಗಿ ಉಳಿದ ಹಾಟು ಬೇಸ್ ಇರುವಲ್ಲಿ ನೇರ ಅಮೀನ್‌ಗೇ ಅಂಟಿ ಗ್ವಾನಿಡೀನ್ ಆಗುತ್ತದೆ. ತೂಕದಲ್ಲಿ 98 ಹೆಚ್ಚು ಕಂಡರೆ ಅದೇ.

ಬೇಸ್‌ನ ಶುದ್ಧತೆಯನ್ನೂ ಗಮನಿಸಿ. ಡಿಐಪಿಇಎ ಹೊಸದಿದ್ದಾಗ ನೀರಿನಂತೆ ಬಣ್ಣವಿಲ್ಲದ್ದು. ಗಾಳಿಯಾಡಿ ಹಳದಿ ತಿರುಗಿದ ಬಾಟಲಿಯಲ್ಲಿ ಕಡಿಮೆ ಕವಲಿನ ಅಮೀನ್‌ಗಳು ಸೇರಿರಬಹುದು, ಅವು ಚುರುಕಾದ ಎಸ್ಟರನ್ನು ತಿನ್ನುತ್ತವೆ. ಹಳೆಯ ಲ್ಯಾಬ್‌ಗಳಲ್ಲಿ ಇದನ್ನು ಮೊದಲು ನಿನ್‌ಹೈಡ್ರಿನ್ ಮೇಲೆ, ಆಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮೇಲೆ ಬಟ್ಟಿ ಇಳಿಸುವ ಕ್ರಮವಿತ್ತು. ನೈಟ್ರೋಜನ್ ಮೇಲೆ ಹೈಡ್ರೋಜನ್ ಇರುವ ಅಮೀನ್‌ಗಳನ್ನು ನಿನ್‌ಹೈಡ್ರಿನ್ ಹಿಡಿದಿಟ್ಟುಕೊಳ್ಳುತ್ತದೆ, ಡಿಐಪಿಇಎ ಮಾತ್ರ ಮೇಲೇರಿ ಬರುತ್ತದೆ. ಪುಸ್ತಕದಲ್ಲಿ ಕುದಿಬಿಂದು 127 ಡಿಗ್ರಿ ಎಂದಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಥರ್ಮಾಮೀಟರ್ ಮೂರ್ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತದೆ. 127 ಬರಲಿ ಎಂದು ಕಾಯುತ್ತ ಒಳ್ಳೆಯ ಭಾಗವನ್ನೇ ‘ಮೊದಲು ಬರುವ ಕಲ್ಮಶ’ ಎಂದು ಚೆಲ್ಲಬೇಡಿ.

ಇದರ ಆವಿಗೆ ಕಿಡಿ ತಾಗಿದರೆ ಹತ್ತಿಕೊಳ್ಳಲು ಹೆಚ್ಚು ಬಿಸಿ ಬೇಕಿಲ್ಲ, ನಮ್ಮ ಡಿಸೆಂಬರ್ ಬೆಳಗಿನ ಚಳಿಯಲ್ಲೂ ಹೊತ್ತಬಲ್ಲದು. ಕಣ್ಣು, ಚರ್ಮ, ಶ್ವಾಸಕ್ಕೆ ಕೆಟ್ಟದ್ದು. ಫ್ಯೂಮ್ ಹುಡ್ ಬಿಟ್ಟು ಹೊರಗೆ ಬಾಟಲಿ ತೆರೆಯಬಾರದು, ಗ್ಲೌಸ್ ಮೇಲೆ ಚೆಲ್ಲಿದರೆ ತಕ್ಷಣ ಬದಲಿಸಬೇಕು. ಡಿಎಂಎಫ್ ಹುಟ್ಟಲಿರುವ ಮಗುವಿಗೆ ಅಪಾಯಕಾರಿ, ಹಾಟು ಥರದ ಪುಡಿಗಳು ಕೆಲವರಿಗೆ ತೀವ್ರ ಅಲರ್ಜಿ ತರುತ್ತವೆ. ಗರ್ಭಿಣಿಯಾದ ಸಹೋದ್ಯೋಗಿ ಕೇಳುವ ಮುಂಚೆಯೇ ಕೆಲಸ ಬದಲಿಸಿಕೊಡುವುದು ಮೇಲಿರುವವರ ಹೊಣೆ. ಅಮೀನ್ ತುಂಬಿದ ತ್ಯಾಜ್ಯವನ್ನು ಟಿಎಫ್‌ಎ ತ್ಯಾಜ್ಯದ ಕ್ಯಾನಿಗೆ ಸುರಿದರೆ ಬಿಸಿಯಾಗಿ ಬಿಳಿ ಹೊಗೆ ಏಳುತ್ತದೆ. ಎರಡಕ್ಕೂ ಬೇರೆ ಬೇರೆ ಕ್ಯಾನ್ ಇರಲಿ. ಸಿಂಕಿಗಂತೂ ಬೇಡ. ಬೆಳ್ಳಂದೂರು ಕೆರೆ ನೊರೆ ಕಾರಿದ್ದನ್ನು ಕಂಡ ಊರು ನಮ್ಮದು.

ಬೇಸ್ ಇಲ್ಲದೆಯೇ ಕಪ್ಲಿಂಗ್ ಮಾಡುವ ದಾರಿಯೂ ಈಗ ಬಳಕೆಯಲ್ಲಿದೆ. ಡಿಐಸಿ ಎಂಬ ಕಪ್ಲಿಂಗ್ ರಿಯೇಜೆಂಟ್ ಮತ್ತು ಆಕ್ಸಿಮಾ ಜೋಡಿಗೆ ಡಿಐಪಿಇಎ ಬೇಕಿಲ್ಲ, ಡಿಐಸಿ ತಾನೇ ಆಮ್ಲದ ಪ್ರೋಟಾನ್ ತೆಗೆದುಕೊಂಡು ಮುಂದುವರಿಯುತ್ತದೆ. ಮೈಕ್ರೋವೇವ್ ಯಂತ್ರಗಳಲ್ಲಿ ಬಿಸಿ ಮಾಡಿ ಕಟ್ಟುವಾಗ ಇದೇ ಜೋಡಿಗೆ ಆದ್ಯತೆ, ಯಾಕೆಂದರೆ ಬಿಸಿಯೂ ಬಲವಾದ ಬೇಸ್ ಕೂಡ ಸೇರಿದರೆ ಸೂಕ್ಷ್ಮ ಕೊಂಡಿಗಳ ಗತಿ ಕಷ್ಟ. ಆದರೂ ಇಕ್ಕಟ್ಟಿನ ಜೋಡಣೆಗೆ, ಕೋಣೆಯ ತಾಪದಲ್ಲಿ ಬೇಗ ಮುಗಿಯಬೇಕಾದ ಕೆಲಸಕ್ಕೆ ಹಾಟು–ಡಿಐಪಿಇಎ ಜೋಡಿಯನ್ನು ಕೈಬಿಡುವ ಹಾಗಿಲ್ಲ.

ಕಪ್ಲಿಂಗ್ ಮುಗಿಯಿತೇ ಎಂದು ನೋಡಲು ಕೆಲವು ಮಣಿಗಳನ್ನು ತೆಗೆದು ಕೈಸರ್ ಟೆಸ್ಟ್ ಮಾಡುತ್ತೇವೆ, ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡುತ್ತೇವೆ. ಮಣಿ ನೀಲಿಯಾದರೆ ಕೂಡದ ಅಮೀನ್ ಇನ್ನೂ ಇದೆ. ತುದಿಯಲ್ಲಿ ಪ್ರೋಲೀನ್ ಇದ್ದರೆ ಈ ಪರೀಕ್ಷೆಯನ್ನು ನಂಬಬೇಡಿ, ಕ್ಲೋರಾನಿಲ್ ಟೆಸ್ಟ್ ಮಾಡಿ. ನೀಲಿ ಕಂಡ ಕೂಡಲೇ ಅದೇ ದ್ರಾವಣಕ್ಕೆ ಇನ್ನಷ್ಟು ಡಿಐಪಿಇಎ ಸುರಿಯುವವರಿದ್ದಾರೆ. ಅಷ್ಟು ಹೊತ್ತಿಗೆ ಅಲ್ಲಿನ ಚುರುಕಾದ ಎಸ್ಟರ್ ಬಹುಪಾಲು ಕೆಟ್ಟಿರುತ್ತದೆ, ಹೊಸ ಬೇಸ್‌ಗೆ ಸಿಗುವುದು ಕೆಡಿಸುವ ಕೆಲಸ ಮಾತ್ರ. ದ್ರಾವಣ ಬಸಿದುಬಿಡಿ, ಡಿಎಂಎಫ್‌ನಲ್ಲಿ ಚೆನ್ನಾಗಿ ತೊಳೆಯಿರಿ, ಅಮೈನೊ ಆಮ್ಲ ಮತ್ತು ಹಾಟುವನ್ನು ಹೊಸದಾಗಿ ತೂಗಿ ಕರಗಿಸಿ, 139 ಮೈಕ್ರೋಲೀಟರ್ ಬೇಸನ್ನು ಕೊನೆಗೆ ಹಾಕಿ, ಹಳದಿ ಬಂದ ಕೂಡಲೇ ಮಣಿಗಳ ಮೇಲೆ ಸುರಿಯಿರಿ. ಲ್ಯಾಬ್ ನೋಟ್‌ಬುಕ್‌ನಲ್ಲಿ ಬೇಸ್‌ನ ಹೆಸರು, ಬ್ಯಾಚ್, ಪ್ರಮಾಣ, ಹಾಕಿದ ಸಮಯ ನಾಲ್ಕನ್ನೂ ಬರೆಯಿರಿ.